ಬಾರದ ರಸೀದಿ

ಮಾನ್ಯ ಸಂಪಾದಕರಿಗೆ,

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 34 ವರ್ಷ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದವನು ನಾನು. ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು, ಊರಿನವರಿಗೆ ಇನ್ನೂ ಪೋಸ್ಟ್ ಮಾಷ್ಟ್ರೇ. ಅದಕ್ಕೇ ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಆಚೆಮನೆಯ ಅಕ್ಕ ಕೊಡೆ ಮಡಚಿ ಜಗಲಿ ಹತ್ತಿ ಬಂದು ಕೇಳಿದರು: "ಮಾಷ್ಟ್ರೇ, ನನಗೊಂದು ರಸೀದಿ ಬರಬೇಕಿತ್ತು. ಟ್ಯಾಕ್ಸ್ ಕಟ್ಟಿದ್ದಕ್ಕೆ. ಒಂಬತ್ತು ದಿನ ಆಯ್ತು. ನಿಮ್ಮ ಕಾಲದಲ್ಲಾಗಿದ್ರೆ ಇಷ್ಟು ತಡ ಆಗ್ತಿರಲಿಲ್ಲ."

ಯಾವ ಟ್ಯಾಕ್ಸ್ ಅಕ್ಕ ಎಂದೆ. ಆಗ ಒಂದೊಂದೇ ಹೊರಬಂತು.

ಅವರಿಗೆ 72 ವರ್ಷ. ಗಂಡ ತೀರಿಕೊಂಡು ಆರು ವರ್ಷ, ಮಗ ಬೆಂಗಳೂರಿನಲ್ಲಿ. ಎರಡು ಎಕರೆ ಅಡಿಕೆ ತೋಟ. ಒಂದು ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತಂತೆ. ಮೊದಲು ಹಿಂದಿಯವನೊಬ್ಬ, ಆಮೇಲೆ ಒಳ್ಳೆ ಕನ್ನಡದವನೊಬ್ಬ "ಮೇಡಂ, ಇನ್ಕಮ್ ಟ್ಯಾಕ್ಸ್ ಆಫೀಸಿನಿಂದ" ಎಂದು ಶುರುಮಾಡಿದ. ಅವರ ಹೆಸರು, ಗಂಡನ ಹೆಸರು, ಪ್ಯಾನ್ ಕಾರ್ಡಿನ ನಂಬರು ಎಲ್ಲವನ್ನೂ ಅವನೇ ಓದಿ ಹೇಳಿದ. ಈ ನಂಬರಿನಲ್ಲಿ ಮುಂಬಯಿಯಲ್ಲಿ ವ್ಯವಹಾರ ನಡೆದಿದೆ, 3 ಲಕ್ಷದ 40 ಸಾವಿರ ಬಾಕಿ, ಕಟ್ಟದಿದ್ದರೆ ಸಂಜೆಯೊಳಗೆ ಅರೆಸ್ಟು. ಫೋನ್ ಕಟ್ ಮಾಡಿದರೆ ತಪ್ಪಿಸಿಕೊಂಡಿದ್ದೀರಿ ಅಂತ ಬರೆದುಕೊಳ್ಳುತ್ತೇವೆ ಎಂದ. ವಾಟ್ಸಾಪಿಗೆ ನಾಲ್ಕು ಸಿಂಹದ ಮುದ್ರೆ ಇರುವ ಕಾಗದವೂ ಬಂತು.

ನಮ್ಮ ಕಡೆಯ ಮನೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಎಲ್ಲೋ ಒಂದು ಜಾಗದಲ್ಲಿ. ಅಕ್ಕನ ಮನೆಯಲ್ಲಿ ಅದು ಜಗಲಿಯ ತೆಂಕಣ ಮೂಲೆ, ಇರಚಲು ನೇರ ಹೊಡೆಯುವ ಕಡೆ. ಒಳಗೆ ಹೋದರೆ ಫೋನ್ ತಾನಾಗಿಯೇ ಕಟ್ಟಾಗುತ್ತದೆ. ಕಟ್ಟಾದರೆ ಅರೆಸ್ಟು. ಅಷ್ಟು ವಯಸ್ಸಿನ ಹೆಂಗಸು ಮಧ್ಯಾಹ್ನ ಹನ್ನೆರಡೂವರೆಯವರೆಗೆ, ನಾಲ್ಕು ಗಂಟೆ ಹೊತ್ತು, ಆ ಮೂಲೆಯಲ್ಲಿ ಕಂಬ ಹಿಡಿದು ನಿಂತಿದ್ದರು. ಸೀರೆ ಮೊಣಕಾಲಿನವರೆಗೆ ತೊಯ್ದಿತ್ತಂತೆ. ಒಲೆ ಮೇಲಿಟ್ಟ ಅನ್ನ ಸೀದುಹೋಗುವ ವಾಸನೆ ಬರುತ್ತಿದ್ದರೂ ಒಳಗೆ ಕಾಲಿಡಲಿಲ್ಲವಂತೆ. ಇದನ್ನು ಹೇಳುವಾಗಲೂ ಅವರಿಗಿದ್ದ ಬೇಸರ ಅಕ್ಕಿ ಹಾಳಾಯಿತೆಂದು.

ಯಾರಿಗಾದರೂ ಬಾಯಿಬಿಟ್ಟರೆ ಮಗನ ಕೆಲಸ ಹೋಗುತ್ತದೆ ಎಂದೂ ಆ ಫೋನಿನವರು ಹೇಳಿದ್ದರು. ಮಾರನೆಯ ದಿನ ಬೆಳಗಿನ ಬಸ್ಸಿಗೆ ಪೇಟೆಗೆ ಹೋಗಿ, ಚಾಲೂ ಇದ್ದ ಫೋನನ್ನು ಚೀಲದಲ್ಲಿಟ್ಟುಕೊಂಡೇ ಬ್ಯಾಂಕಿನಲ್ಲಿ ಎಫ್‌ಡಿ ಮುರಿಸಿ, ಅವರು ಹೇಳಿದ ಖಾತೆಗೆ ಆರ್‌ಟಿಜಿಎಸ್ ಮಾಡಿದರು. ಕೇಳಿದರೆ ಮೊಮ್ಮಗಳ ಕಾಲೇಜು ಫೀಸು ಅನ್ನಿ ಎಂದು ಮೊದಲೇ ಕಲಿಸಿದ್ದರು. ಯಾರೂ ಕೇಳಲಿಲ್ಲ. ಆ ಚೀಟಿಯನ್ನು ನಾನು ನೋಡಿದ್ದೇನೆ. ದುಡ್ಡು ಹೋಗಿದ್ದು ಹೆಸರೇ ಕೇಳದ ಯಾವುದೋ ಟ್ರೇಡರ್ಸ್ ಖಾತೆಗೆ. ಅವಧಿಗೆ ಮುಂಚೆ ಎಫ್‌ಡಿ ಮುರಿಸುತ್ತಿರುವ ಒಂಟಿ ಮುದುಕಿ, ಒಮ್ಮೆಯೂ ವ್ಯವಹಾರ ಮಾಡದ ಖಾತೆಗೆ ಪೂರ್ತಿ ದುಡ್ಡು ಕಳಿಸುತ್ತಿದ್ದಾರೆ ಎಂದರೆ ಕೌಂಟರಿನಲ್ಲಿ ಕೂತವರಿಗೆ ಒಂದು ಮಾತು ಕೇಳಬೇಕು ಅನಿಸಬಾರದೇ? ಆ ದುಡ್ಡು ಮೂರು ಫಸಲಿನಿಂದ ಒಟ್ಟುಮಾಡಿದ್ದು, ಮನೆ ಮಾಡಿನ ಪಕಾಸಿ ರೀಪು ಬದಲಿಸಲಿಕ್ಕೆ ಇಟ್ಟಿದ್ದು. ಎಲೆಚುಕ್ಕೆ ರೋಗ ಬಂದು ಫಸಲು ಅರ್ಧಕ್ಕಿಳಿದ ವರ್ಷವೂ ಅಕ್ಕ ಅದನ್ನು ಮುಟ್ಟಿರಲಿಲ್ಲ.

ಈ ಸುದ್ದಿ ಕೇಳಿದವರೆಲ್ಲ ಒಂದೇ ಮಾತು ಆಡುತ್ತಾರೆ: ಇಷ್ಟೂ ತಿಳಿಯಲಿಲ್ವಾ? ನನಗೆ ಸಿಟ್ಟು ಬರುವುದೇ ಇಲ್ಲಿ. ಲಾಟರಿ ಬಂತೆಂದು ನಂಬಿ ಕಳಕೊಂಡವರಲ್ಲ ಇವರು. ಸೊಸೈಟಿ ಸಾಲದ ಒಂದು ಕಂತನ್ನೂ ತಪ್ಪಿಸದ ಮನೆ ಅದು. ಸರ್ಕಾರದ ಬಾಕಿ ಇದೆ ಎಂದರೆ ಅವರಿಗೆ ಊಟ ಸೇರುವುದಿಲ್ಲ, ಆ ಕಳ್ಳರು ಹಿಡಿದದ್ದೇ ಇದನ್ನು. ಇನ್ನೊಂದೂ ಇದೆ. ಮಲೆನಾಡಿನಲ್ಲಿ 'ನೋಟಿಸ್' ಎಂಬ ಮಾತಿಗೆ ಬೇರೆಯೇ ಭಾರವಿದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ನೋಟಿಸ್, ಬಗರ್‌ಹುಕುಂ ಜಮೀನಿಗೆ ನೋಟಿಸ್, ಒತ್ತುವರಿ ಎಂದು ಅರಣ್ಯ ಇಲಾಖೆಯ ನೋಟಿಸ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾಗಿ ಬಂದವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಜನ ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅಕ್ಕನ ಗಂಡನೂ ಬೆಟ್ಟದ ಒಂದು ತಕರಾರಿಗೆ ವರ್ಷಗಟ್ಟಲೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದಿದ್ದರು. ಕಚೇರಿಯವರು ಗದರಿಸುತ್ತಾರೆ, ನಾವು ತಲೆಬಗ್ಗಿಸಬೇಕು ಎಂಬುದು ಇಂಥ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಫೋನಿನಲ್ಲಿ ಗದರಿಸಿದವನು ಅವರ ಕಿವಿಗೆ ನಿಜವಾದ ಅಧಿಕಾರಿಯ ಹಾಗೆಯೇ ಕೇಳಿಸಿದ. ಇದು ನಮ್ಮ ಕಚೇರಿಗಳಿಗೂ ನಾಚಿಕೆಯ ವಿಷಯ.

ಅಸಲಿಗೆ ಅವರಿಗೆ ಒಂದು ರೂಪಾಯಿಯ ತೆರಿಗೆಯೂ ಬಾಕಿ ಇರಲಿಲ್ಲ. ತೋಟದ ಅಡಿಕೆಯಿಂದ ಬಂದದ್ದು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಎಫ್‌ಡಿ ಬಡ್ಡಿಗಾಗಿ ವರ್ಷಕ್ಕೊಮ್ಮೆ ಬ್ಯಾಂಕಿನವರು 15ಎಚ್ ಫಾರಂಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ತನಗೆ ತೆರಿಗೆ ಬರುವುದಿಲ್ಲ ಎಂದು ತಾನೇ ಬರೆದುಕೊಡುವ ಕಾಗದ ಅದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟ್ಯಾಕ್ಸಿಗೆ ಸಂಬಂಧಪಟ್ಟ ಯಾವುದಕ್ಕೋ ಸಹಿ ಹಾಕಿದ್ದೇನೆ ಎಂಬಷ್ಟೇ ಗೊತ್ತಿದ್ದು ಅವರ ಹೆದರಿಕೆಯನ್ನು ಇನ್ನೂ ಹೆಚ್ಚಿಸಿತು.

ಆದಾಯ ತೆರಿಗೆ ಇಲಾಖೆಯ ಕಾಗದಗಳನ್ನು ನಾನೇ ಎಷ್ಟೋ ಮನೆಗೆ ಮುಟ್ಟಿಸಿದ್ದೇನೆ, ಓದಿ ಹೇಳಿ ಎಂದವರಿಗೆ ಓದಿಯೂ ಹೇಳಿದ್ದೇನೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪ್ರತಿ ಕಾಗದದ ಮೇಲೂ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರಬೇಕೆಂಬ ನಿಯಮ ಬಂತು. ಆ ಸಂಖ್ಯೆಯನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ ಕಾಗದ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ತೆರಿಗೆ ಕಟ್ಟುವುದೂ ಚಲನ್ ಮೂಲಕ ಸರ್ಕಾರಕ್ಕೆ, ಯಾರದೋ ಖಾತೆಗಲ್ಲ. ಒಳ್ಳೆಯ ನಿಯಮಗಳೇ. ಆದರೆ ನನ್ನ ಕೈಮೇಲೆ ಹೋದ ಆ ಕಾಗದಗಳೆಲ್ಲ ಇಂಗ್ಲಿಷಿನವು. ಅಸಲಿ ಕಾಗದವೂ ಓದಲು ಬರುವುದಿಲ್ಲ, ನಕಲಿಯೂ ಓದಲು ಬರುವುದಿಲ್ಲ ಎಂದಾದರೆ ನಮ್ಮ ಅಕ್ಕನಂಥವರು ಸಿಂಹದ ಮುದ್ರೆ ಬಿಟ್ಟು ಬೇರೇನು ನೋಡಬೇಕು? ಕರ್ನಾಟಕದ ವಿಳಾಸಕ್ಕೆ ಬರುವ ಕಾಗದದ ನೆತ್ತಿಯ ಮೇಲೆ ನಾಲ್ಕು ಸಾಲು ಕನ್ನಡ ಇರಲಿ: ಇದನ್ನು ಹೀಗೆ ಪರೀಕ್ಷಿಸಿಕೊಳ್ಳಿ, ಫೋನಿನಲ್ಲಿ ದುಡ್ಡು ಕೇಳಿದರೆ ಅದು ನಾವಲ್ಲ ಎಂದು.

ಎಚ್ಚರಿಕೆ ಕೊಡುತ್ತಲೇ ಇದ್ದೇವಲ್ಲ ಎಂದು ಸರ್ಕಾರದವರು ಎನ್ನಬಹುದು. ಕೊಟ್ಟಿದ್ದಾರೆ, ನಿಜ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರೇ ಡಿಜಿಟಲ್ ಅರೆಸ್ಟ್, ಅಂದರೆ ಹೀಗೆ ಫೋನಿನಲ್ಲೇ ಅರೆಸ್ಟು ಎಂದು ಹೆದರಿಸಿ ಹಿಡಿದಿಡುವುದು, ಕಾನೂನಿನಲ್ಲೇ ಇಲ್ಲ ಎಂದರು. ಫೋನ್ ಮಾಡಲು ಹೋದರೆ ಸೈಬರ್ ವಂಚನೆಯ ಎಚ್ಚರಿಕೆ ಕೇಳಿಸುತ್ತಿತ್ತು. ಆದರೆ ಅದು ಕೇಳಿಸುವುದು ಫೋನ್ ಮಾಡುವವರಿಗೆ. ನಮ್ಮ ಅಕ್ಕ ಫೋನ್ ಮಾಡುವುದೇ ಇಲ್ಲ, ಬಂದದ್ದನ್ನು ಎತ್ತುತ್ತಾರೆ ಅಷ್ಟೆ. ಮಗನ ಫೋನಿಗಾಗಿ ಕಾಯುವ ಇಂಥವರಿಗೆ ಎಚ್ಚರಿಕೆ ಮುಟ್ಟಲೇ ಇಲ್ಲ. ಕಳ್ಳರು ಹುಡುಕುವುದೂ ಇವರನ್ನೇ.

2016ರ ಅಕ್ಟೋಬರ್‌ನಲ್ಲಿ ಮುಂಬಯಿ ಪಕ್ಕದ ಮೀರಾ ರೋಡಿನಲ್ಲಿ ಠಾಣೆ ಪೊಲೀಸರು ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದ್ದು ನೆನಪಿರಬಹುದು. ಅಲ್ಲಿ ಕೂತ ಹುಡುಗರು ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಆ ದೇಶದ ಜನರನ್ನು ಹೆದರಿಸಿ ದುಡ್ಡು ಕೀಳುತ್ತಿದ್ದರು. ಆ ಸುದ್ದಿ ಬಂದ ಪತ್ರಿಕೆಯನ್ನು ನಾನೇ ಮನೆಮನೆಗೆ ಹಂಚಿದ್ದೆ. ದೂರದವರ ಕಷ್ಟ ಎಂದು ಓದಿ ಮಡಚಿಟ್ಟೆವು. ಅದೇ ಮಾತು, ಅದೇ ಗದರಿಕೆ ಈಗ ಕನ್ನಡ ಕಲಿತು ನಮ್ಮ ಜಗಲಿಗೆ ಬಂದಿದೆ.

ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅದು ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಏರ್ಪಾಡಿದೆ. ಎಷ್ಟು ಬೇಗ ಮಾಡಿದರೆ ಅಷ್ಟು ಉಳಿಯುವ ಸಾಧ್ಯತೆ. ಅಕ್ಕನ ಒಂಬತ್ತು ದಿನ ರಸೀದಿ ಕಾಯುವುದರಲ್ಲೇ ಹೋಯಿತು. ನಾವು ಫೋನ್ ಮಾಡಿದೆವು, ಮಾರನೆಯ ದಿನ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಸೈಬರ್ ಅಪರಾಧ ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬಂದೆವು. ದೂರು ಬರೆದುಕೊಂಡರು. ಇಲ್ಲಿಯವರೆಗೆ ಏನೂ ಮರಳಿಲ್ಲ.

ಬ್ಯಾಂಕುಗಳಿಗೆ ನನ್ನದೊಂದೇ ಕೋರಿಕೆ. ಅರವತ್ತು ದಾಟಿದವರು ಅವಧಿಗೆ ಮೊದಲು ಎಫ್‌ಡಿ ಮುರಿಸಲು ಬಂದರೆ ಕನ್ನಡದಲ್ಲಿ, ಪಕ್ಕಕ್ಕೆ ಕೂರಿಸಿಕೊಂಡು, ಒಂದು ಲೋಟ ನೀರು ಕೊಟ್ಟು ಕೇಳಿ: ನಿಮಗೆ ಯಾರಾದರೂ ಫೋನ್ ಮಾಡಿದ್ದಾರಾ? ಈಗಲೂ ಫೋನ್ ಚಾಲೂ ಇದೆಯಾ? ನಾಮಿನಿಗೆ ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ ತಡವಾದರೆ ಯಾರೂ ಬೈಯುವುದಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಕೇಳಿಕೆ. ನಮ್ಮ ಕಡೆ ಪೇಪರ್ ಬಂದ ಕೂಡಲೇ ಮೊದಲು ತೆಗೆಯುವುದು ಅಡಿಕೆ ಧಾರಣೆ. ಅಕ್ಕನೂ ಕನ್ನಡಕ ಹುಡುಕಿಕೊಂಡು ರಾಶಿ, ಬೆಟ್ಟೆ, ಗೊರಬಲು, ಸರಕು ಎಷ್ಟಿದೆ ಎಂದು ದಿನಾ ನೋಡುತ್ತಾರೆ. ಆ ಪಟ್ಟಿಯ ಕೆಳಗೆ, ಅದೇ ದಪ್ಪ ಅಕ್ಷರದಲ್ಲಿ 'ಫೋನಿನಲ್ಲಿ ಯಾರೂ ಅರೆಸ್ಟ್ ಮಾಡುವುದಿಲ್ಲ, ಮೋಸವಾದರೆ 1930' ಎಂದು ಒಂದು ಸಾಲು ದಿನವೂ ಹಾಕುತ್ತೀರಾ?

ನನ್ನ ಹೆಸರು ಮತ್ತು ಊರಿನ ಹೆಸರು ದಯವಿಟ್ಟು ಅಚ್ಚು ಮಾಡಬೇಡಿ. ಸಣ್ಣ ಊರು, ಅಕ್ಕ ಯಾರೆಂದು ಗೊತ್ತಾಗಿಬಿಡುತ್ತದೆ. ಮಗನಿಗೆ ಅವರು ಇನ್ನೂ ಹೇಳಿಲ್ಲ.

ಇಂತಿ,
ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್,
ತೀರ್ಥಹಳ್ಳಿ ತಾಲ್ಲೂಕು