ಕಾರ್ಡು ಅಣ್ಣನದ್ದು, ಮನೆಯೂ ಅಣ್ಣನದ್ದು

ಸಂಪಾದಕರಿಗೆ ನಮಸ್ಕಾರ.

ಮನೆ ಇಲ್ಲದವರು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆ ಹಾಗೆ ಬೀದಿಯಲ್ಲಿ ಕಾಣುವವರು ಕಡಿಮೆ. ಇಲ್ಲಿ ಮನೆ ಇಲ್ಲದವರು ಅಣ್ಣನ ಮನೆಯ ಹಿಂದಿನ ಸೌದೆ ಕೊಟ್ಟಿಗೆಗೆ ತಾರ್ಪಾಲು ಎಳೆದುಕೊಂಡು ಇರುತ್ತಾರೆ, ಇಲ್ಲವೇ ಯಾರದ್ದೋ ತೋಟದ ಪಂಪ್‌ಶೆಡ್ಡಿನಲ್ಲಿ. "ನೆಂಟರೊಟ್ಟಿಗೆ ಇದ್ದಾರಲ್ವಾ, ಮತ್ತೇನು ತೊಂದರೆ" ಅಂತ ನಾವೇ ಹೇಳಿ ಮುಗಿಸುತ್ತೇವೆ.

ತೊಂದರೆ ಶುರುವಾಗುವುದು ಆ 'ಒಟ್ಟಿಗೆ'ಯಿಂದಲೇ. ಮನೆ ಇಲ್ಲದವರಿಗಾಗಿ ಕೇರಳ ಸರಕಾರ ಮಾಡಿದ ಲೈಫ್ ಮಿಷನ್ನಿನಲ್ಲಿ ಮನೆ ಕಟ್ಟಲು 4 ಲಕ್ಷ ರೂಪಾಯಿ ಕೊಡುತ್ತಾರೆ, ಒಳ್ಳೆಯ ಯೋಜನೆ, ನಮ್ಮ ವಾರ್ಡಿನಲ್ಲೇ ಮನೆಗಳು ಎದ್ದಿವೆ. ಆದರೆ ಸಾಮಾನ್ಯವಾಗಿ ಒಂದು ರೇಷನ್ ಕಾರ್ಡು ಅಂದರೆ ಒಂದು ಕುಟುಂಬ ಅಂತ ಲೆಕ್ಕ. ಗಂಡ ತೀರಿಹೋಗಿ ತವರಿಗೆ ಬಂದ ಹೆಂಗಸಿನ ಹೆಸರು ಅಣ್ಣನ ಕಾರ್ಡಿನಲ್ಲಿದ್ದರೆ, ಅಣ್ಣನಿಗೆ ಮನೆ ಇದೆ, ಹಾಗಾಗಿ ಕಾಗದದಲ್ಲಿ ಅವಳಿಗೂ ಇದೆ. ಬೇರೆ ಕಾರ್ಡು ಮಾಡಿಸೋಣ ಅಂತ ಹೋದರೆ ಮೊದಲು ಕೇಳುವುದು ಮನೆ ನಂಬ್ರ. ಕೊಟ್ಟಿಗೆಗೆ ನಂಬ್ರ ಎಲ್ಲಿಂದ ಬರಬೇಕು?

ನಮ್ಮ ನೆರೆಯಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದಾರೆ. ಆಧಾರ್, ಕಾರ್ಡಿನ ಜೆರಾಕ್ಸ್, ಗಂಡನ ಮರಣ ಸರ್ಟಿಫಿಕೇಟು ಎಲ್ಲ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದಾರೆ. ಆಧಾರಿಗೆ ಕೊಟ್ಟ ಫೋನ್ ನಂಬ್ರ ಅಣ್ಣನ ಮಗನದ್ದು, ಅವನು ಗಲ್ಫಿನಲ್ಲಿ. ಅರ್ಜಿ ಹಾಕಲು ಕೂತರೆ ಒಟಿಪಿ ಅಲ್ಲಿಗೆ ಹೋಗುತ್ತದೆ, ಅವನು ಡ್ಯೂಟಿಯಲ್ಲಿ ಇರುತ್ತಾನೆ, ಹಿಂದೆ ಕ್ಯೂ ನಿಂತವರು ಗೊಣಗುತ್ತಾರೆ, ಇವರು ಚೀಲ ಕಟ್ಟಿಕೊಂಡು ಎದ್ದು ಬರುತ್ತಾರೆ. ವಿಧವಾ ಪಿಂಚಣಿಯ ಮಸ್ಟರಿಂಗಿಗೆ, ಅಂದರೆ ಬದುಕಿದ್ದೇವೆ ಅಂತ ಬೆರಳಚ್ಚು ಕೊಡಲು ಹೋದರೆ, ಬೀಡಿ ಎಲೆ ಸುತ್ತಿ ಸುತ್ತಿ ಸವೆದ ಬೆರಳು ಮೆಷಿನ್ನಿಗೆ ಸಿಗುವುದೇ ಇಲ್ಲ. ಪಿಂಚಣಿ 1,600ರಿಂದ 2,000 ಆಗಿದೆ ನಿಜ, ಮಸ್ಟರಿಂಗ್ ತಪ್ಪಿದರೆ ಅದೂ ನಿಲ್ಲುತ್ತದೆ. ಹಾಸಿಗೆ ಹಿಡಿದವರಿಗೆ ಅಕ್ಷಯ ಸೇವಾಕೇಂದ್ರದವರು ಮನೆಗೇ ಬಂದು ಮಸ್ಟರಿಂಗ್ ಮಾಡುತ್ತಾರಂತೆ. ಮನೆಯೇ ಇಲ್ಲದವರಲ್ಲಿಗೆ ಎಲ್ಲಿಗೆ ಬರುವುದೋ!

2025ರ ನವೆಂಬರ್ 1ರಂದು ಕೇರಳ ಕಡುಬಡತನದಿಂದ ಮುಕ್ತ ಅಂತ ಘೋಷಣೆಯಾಯಿತು. ಸರ್ವೆಯಲ್ಲಿ ಗುರುತಿಸಿದ್ದು 64,006 ಕುಟುಂಬ. ಅಂಥವರನ್ನು ಹುಡುಕಿ ನೆರವು ಕೊಟ್ಟದ್ದು ಸಣ್ಣ ಕೆಲಸ ಅಲ್ಲ, ಸುಮ್ನೆ ಕೊಂಕು ತೆಗೆಯುವುದಿಲ್ಲ. ಆದರೆ ಹೆಸರು ಬಿಟ್ಟುಹೋದವರು ಎಲ್ಲಿ ಬಾಯಿ ಬಿಡಬೇಕು? ಗ್ರಾಮಸಭೆಯಲ್ಲಿ ಅನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ ಕಾನೂನಿದೆ. ನಮ್ಮಲ್ಲಿ ಮಾತೆಲ್ಲ ತುಳುವಿನಲ್ಲೋ ಕನ್ನಡದಲ್ಲೋ ನಡೆಯುತ್ತದೆ, ನಗು ತಮಾಷೆಯೂ ಆಗುತ್ತದೆ, ಕಾಗದ ಮಾತ್ರ ಮಲಯಾಳದಲ್ಲಿ. ಲೈಫ್ ಮಿಷನ್ನಿನ ಪಟ್ಟಿಯನ್ನು ಗೋಡೆಗೆ ಅಂಟಿಸಿ ಹೋಗುತ್ತಾರೆ. ಹೆಸರು ಯಾಕೆ ಬಿಟ್ಟುಹೋಯಿತು ಅಂತ ಅದರಲ್ಲಿ ಬರೆದಿದ್ದರೂ ಓದುವವರಾರು? ಕರಡು ಪಟ್ಟಿ ಬಂದಾಗ ಅಪೀಲು ಹಾಕಬಹುದು, ಅಲ್ಲಿ ಆಗದಿದ್ದರೆ ಎರಡನೇ ಅಪೀಲು ಕಲೆಕ್ಟರರಲ್ಲಿಗೆ. ಇದು ಆ ಅಕ್ಕನಿಗೆ ಗೊತ್ತಾದದ್ದು ವಾಯಿದೆ ಮುಗಿದ ಮೇಲೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು, ಕನ್ನಡದಲ್ಲಿ ಅರ್ಜಿ, ನೋಟೀಸು ಕೇಳುವ ಹಕ್ಕು ನಮಗಿದೆ. ಸಭೆ ಸಮಾರಂಭದಲ್ಲಿ ಆ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ನಮ್ಮ ಸಂಘಟನೆಗಳು ಈ ಪಟ್ಟಿಯ ಹತ್ತಿರ ಒಮ್ಮೆ ಬಂದು ನಿಲ್ಲಲಿ. ಮುಂದಿನ ಗ್ರಾಮಸಭೆಯಲ್ಲಿ ಮೆಂಬರರು ಬಿಟ್ಟುಹೋದ ಹೆಸರುಗಳನ್ನು ಕಾರಣದೊಟ್ಟಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಅಪೀಲು ಎಲ್ಲಿ, ಯಾವ ತಾರೀಕಿನ ಒಳಗೆ ಅಂತಲೂ ಹೇಳಲಿ. ಒಂದೇ ಕಾರ್ಡಿನಲ್ಲಿ ಸಿಕ್ಕಿಹಾಕಿಕೊಂಡ ಹೆಂಗಸರು ಎಷ್ಟಿದ್ದಾರೆ ಅಂತ ಹೆಂಗಸರ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯವರಿಗೆ ಚೆನ್ನಾಗಿ ಗೊತ್ತು, ಅವರನ್ನೇ ಕೇಳಿ. ಎರಡೂ ಭಾಷೆ ಓದಲು ಬರುವ ಕಾಲೇಜು ಮಕ್ಕಳು ಆ ದಿನ ಪಂಚಾಯತಿನ ಎದುರು ಒಂದು ಮೇಜು ಹಾಕಿ ಕೂತರೂ ಸಾಕು, ನಾನೂ ಬರುತ್ತೇನೆ.

– ಒಬ್ಬ ಓದುಗ, ಬದಿಯಡ್ಕ