“ಕೇಳುವ ಹೆಂಗಸರೇ ಇಲ್ಲ” ಎಂದವರಿಗೆ, ಕೇಳಲು ಬಂದಿದ್ದವಳ ದೂರು

ಇವರಿಗೆ,
ಆಡಳಿತಾಧಿಕಾರಿಗಳು,
ಆಸ್ಪತ್ರೆಯ ಮೈಸೂರು ಶಾಖೆ.

ವಿಷಯ: ಎಚ್‌ಐವಿ ತಡೆ ಮಾತ್ರೆ ಕೊಳ್ಳಲು ಬಂದ ನನ್ನನ್ನು ನಿಮ್ಮ ಔಷಧ ಕೌಂಟರಿನಲ್ಲಿ ನಡೆಸಿಕೊಂಡ ರೀತಿಯ ಬಗ್ಗೆ.

ಮಾನ್ಯರೇ,

ಕಳೆದ ತಿಂಗಳ 12ರಂದು ನಡೆದ ಘಟನೆಯ ಬಗ್ಗೆ ನಿಮ್ಮ ಆಸ್ಪತ್ರೆಗೆ ನಾಲ್ಕು ಬಾರಿ ಕರೆ ಮಾಡಿದ್ದೇನೆ. ಮೂರು ಬಾರಿ “ನೋಟ್ ಮಾಡ್ಕೊಂಡಿದೀವಿ ಮೇಡಂ” ಎಂಬ ಉತ್ತರ ಸಿಕ್ಕಿತು. ನಾಲ್ಕನೆಯ ಬಾರಿ ನಿಮ್ಮ ವ್ಯವಸ್ಥಾಪಕರು, “ಈ ಮಾತ್ರೆ ಕೇಳೋ ಹೆಂಗಸರೇ ಇಲ್ಲ ಮೇಡಂ, ಯಾರಿಗೂ ಇಷ್ಟ ಇರಲ್ಲ, ನಮ್ಮ ಸ್ಟಾಫ್‌ಗೂ ಅಭ್ಯಾಸ ಇಲ್ಲ” ಎಂದರು. ಅಲ್ಲಿಯವರೆಗೆ ಪತ್ರ ಬರೆಯುವ ಯೋಚನೆ ನನಗಿರಲಿಲ್ಲ.

ನನ್ನ ಪತಿಗೆ ಎಚ್‌ಐವಿ ಸೋಂಕಿರುವುದು ಗೊತ್ತಾಗಿ ಕೆಲವೇ ತಿಂಗಳಾಗಿದ್ದು, ಅವರು ಎಆರ್‌ಟಿ (ವೈರಸ್ ಹತ್ತಿಕ್ಕುವ ಔಷಧಗಳ) ಚಿಕಿತ್ಸೆ ಪಡೆಯುತ್ತಿದ್ದಾರೆ. (ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿ ಪಡೆದಿದ್ದೇನೆ. ಹಾಗೆ ಕೇಳುವ ಪದ್ಧತಿಯೊಂದು ಇದೆ.) ಅವರ ರಕ್ತದಲ್ಲಿ ವೈರಸ್ ಪ್ರಮಾಣ ಪತ್ತೆಗೆ ಸಿಗದಷ್ಟು ಇಳಿಯುವವರೆಗೆ, ಸೋಂಕಿಲ್ಲದ ನಾನು ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಾಬಿನ್ ಸೇರಿದ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಬಹುದೆಂದು ತಿಳಿದು ನಿಮ್ಮಲ್ಲಿಗೆ ಬಂದೆ. ಎಚ್‌ಐವಿ ಪರೀಕ್ಷೆ, ಹೆಪಟೈಟಿಸ್ ಬಿ, ಮೂತ್ರಪಿಂಡಕ್ಕಾಗಿ ಮಾಡುವ ಕ್ರಿಯಾಟಿನಿನ್ ಎಲ್ಲವೂ ನಿಮ್ಮದೇ ಲ್ಯಾಬಿನಲ್ಲಿ ಆದವು. 30 ಮಾತ್ರೆಗೆ ಚೀಟಿ ಬರೆದವರೂ ನಿಮ್ಮದೇ ವೈದ್ಯರು. ಅಲ್ಲಿಯವರೆಗೆ ಯಾರ ಮೇಲೂ ನನ್ನ ದೂರಿಲ್ಲ.

ಬೆಳಗ್ಗೆ ಸುಮಾರು ಹನ್ನೊಂದು ಗಂಟೆ, ನನ್ನ ಟೋಕನ್ 47. ನನ್ನ ಹಿಂದೆ ಎಂಟು ಜನರಿದ್ದರು. ಮೂರನೆಯವರು ನಮ್ಮ ಬೀದಿಯವರೇ. ಕೌಂಟರಿನ ಹುಡುಗ ಚೀಟಿಯನ್ನು ಎರಡು ಸಲ ಓದಿ, ಒಳಗಿನವರಿಗೆ ಕೂಗಿ ಕೇಳಿದ: “ಸಾರ್, ಇದು ಏಡ್ಸ್ ಮಾತ್ರೆ ಅಲ್ವಾ?” ಒಳಗಿನಿಂದ, “ಯಾರಿಗಂತೆ?” “ಈ ಮೇಡಂಗೆ.” ಇದು ಕಾಯಿಲೆಗಲ್ಲ, ಬರದಂತೆ ತಡೆಯುವುದಕ್ಕೆ ಎಂದು ನಾನು ಗಾಜಿನ ಕಿಂಡಿಗೆ ಬಾಯಿಟ್ಟು ಮೆಲ್ಲಗೆ ಹೇಳಿದೆ. “ಕಾಯಿಲೇನೇ ಇಲ್ದೆ ಮಾತ್ರೆ ಯಾಕೆ? ಹಂಗಾದ್ರೆ ಯಜಮಾನ್ರಿಗಾ?” ನಾನು ಸುಮ್ಮನಾದೆ. ಆ ಸುಮ್ಮನಿದ್ದುದೇ ಎಂಟು ಜನರಿಗೂ ಉತ್ತರವಾಯಿತು. ಆಮೇಲೆ ಒಳಗಿದ್ದ ಹಿರಿಯರು ಕನ್ನಡಕ ಒರೆಸುತ್ತಾ ಬಂದು, ಬುದ್ಧಿ ಹೇಳುವ ದನಿಯಲ್ಲಿ, “ಅಮ್ಮಾ, ಇದೆಲ್ಲ ಆ ಥರದ ಹೆಂಗಸರು ತಗೊಳ್ಳೋದು. ನೋಡಿದ್ರೆ ಒಳ್ಳೆ ಮನೆಯವರ ಥರ ಕಾಣ್ತೀರಿ. ಮನೆಯವರನ್ನ ಕರ್ಕೊಂಡು ಬನ್ನಿ, ಅವರು ಸೈನ್ ಹಾಕ್ಲಿ, ನೋಡೋಣ” ಎಂದರು. ಚೀಟಿಯನ್ನು ಎರಡೇ ಬೆರಳಲ್ಲಿ, ಒಂದು ಮೂಲೆ ಹಿಡಿದು ವಾಪಸು ಕೊಟ್ಟರು. ಟೋಕನ್ 48 ಎಂದು ಕೂಗಿದರು.

ಒಳ್ಳೆಯ ಮನೆಯ ಹೆಂಗಸರನ್ನು ಕಂಡರೆ ವೈರಸ್ ಚಪ್ಪಲಿ ಬಿಟ್ಟು ಹೊಸ್ತಿಲಾಚೆ ನಿಲ್ಲುತ್ತದೆ ಎಂಬುದನ್ನು ನಿಮ್ಮ ವೈದ್ಯರು ನನಗೆ ತಿಳಿಸಿರಲಿಲ್ಲ. ಹಾಗೆಯೇ, ರಕ್ತದೊತ್ತಡದ ಮಾತ್ರೆಗೆ ಬರುವ ಗಂಡಸರಿಂದ ಹೆಂಡತಿಯ ಸಹಿ ಪಡೆಯುವ ಪುಸ್ತಕವೊಂದು ನಿಮ್ಮಲ್ಲಿ ಇದ್ದರೆ ದಯವಿಟ್ಟು ಅದರ ಪ್ರತಿ ಕಳಿಸಿ.

ಇನ್ನು “ಆ ಥರದ ಹೆಂಗಸರು.” ಅವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದಿರೆಂದು ನಾನು ದೂರುತ್ತಿಲ್ಲ. ಇದೇ ಮೈಸೂರಿನಲ್ಲಿ ಆಶೋದಯ ಸಮಿತಿ, ಅತ್ತ ಕೋಲ್ಕತ್ತಾದ ಸೋನಾಗಾಚಿಯಲ್ಲಿ ದುರ್ಬಾರ್ ಸಂಘಟನೆ, 2016ರಿಂದ 2018ರವರೆಗೆ ಈ ಮಾತ್ರೆಯ ಯೋಜನೆ ನಡೆಸಿದಾಗ 1,300ಕ್ಕೂ ಹೆಚ್ಚು ಲೈಂಗಿಕ ಕಾರ್ಯಕರ್ತೆಯರು ತಾವಾಗಿ ಸೇರಿ, ದಿನವೂ ಮಾತ್ರೆ ನುಂಗಿದರು. ಅವರಿಗೆ ಇಷ್ಟವಿತ್ತು, ಏಕೆಂದರೆ ಅವರನ್ನು ಬರಮಾಡಿಕೊಂಡವರು ಅವರದೇ ಸಂಘಟನೆಯವರು. ಚೀಟಿ ಎತ್ತಿ ಹಿಡಿದು ಕೂಗುವವರಲ್ಲ. ನಿಮ್ಮ ಕಿಂಡಿಯ ಮುಂದೆ ಒಮ್ಮೆ ನಿಂತವಳು ಇನ್ನೊಮ್ಮೆ ಬರದಿದ್ದರೆ ಅದನ್ನು ಹೆಂಗಸರಿಗೆ ಇಷ್ಟವಿಲ್ಲ ಎಂದು ಬರೆದುಕೊಳ್ಳುವುದು ನಿಮಗೆ ಸುಲಭವಾಗಿರಬಹುದು. ನಾನೂ ಬಸ್ ನಿಲ್ದಾಣದವರೆಗೆ ನಡೆದು ಹೋಗುವಾಗ, ಬೇಡವೇ ಬೇಡ ಈ ಮಾತ್ರೆ, ಬಂದದ್ದು ಬರಲಿ ಎಂದುಕೊಂಡಿದ್ದೆ. ಬೇರೆ ಅಂಗಡಿಯಲ್ಲಿ ಕೇಳಲು ಧೈರ್ಯ ಬರುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು. ಹೆಂಗಸರು ಈ ಮಾತ್ರೆಯನ್ನು ಹಲವು ದಿನ ಸತತವಾಗಿ ತೆಗೆದುಕೊಂಡ ಮೇಲಷ್ಟೇ ರಕ್ಷಣೆ ಸಿಗುತ್ತದೆಂಬುದು ನಿಮ್ಮ ಫಾರ್ಮಸಿಸ್ಟರಿಗೆ ಗೊತ್ತಿರಬೇಕಾದ ಸಂಗತಿ. ಆ ಒಂಬತ್ತು ದಿನ ನಿಮ್ಮ ಲೆಕ್ಕಕ್ಕೆ.

ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ, 2017 ನಿಮಗೆ ಗೊತ್ತೇ ಇದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿತರ ಜೊತೆ ಒಂದೇ ಮನೆಯಲ್ಲಿ ಬಾಳುವವರಿಗೂ ಆ ಕಾಯ್ದೆಯ ರಕ್ಷಣೆಯಿದೆ. ಅಂಥವರಿಗೆ ಆರೋಗ್ಯ ಸೇವೆ ನಿರಾಕರಿಸುವಂತಿಲ್ಲ, ಇನ್ನೊಬ್ಬರ ಸೋಂಕಿನ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ಇಪ್ಪತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿಯೊಬ್ಬರು ಇರಬೇಕು. ನಿಮ್ಮ ಪಾರ್ಕಿಂಗಿನಲ್ಲೇ ಇಪ್ಪತ್ತು ಮಂದಿ ಕಾಣುತ್ತಾರೆ. ಆ ಅಧಿಕಾರಿಯ ಹೆಸರನ್ನು ನಾಲ್ಕು ಕರೆಯಲ್ಲೂ ಕೇಳಿದೆ. ಅಂಥವರು ಇದ್ದಾರೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ಮಾತ್ರೆ ಈಗ ಬೇರೆಡೆ ಸಿಗುತ್ತಿದೆ, ನಿಮ್ಮಿಂದ ಬೇಡ. ಕ್ಷಮಾಪಣೆಯೂ ಬೇಡ, ನಿಮ್ಮ ಕ್ಷಮಾಪಣೆಯೂ “ನೋಟ್” ಆಗಿಯೇ ಉಳಿಯುತ್ತದೆ. ಈ ಪತ್ರ ತಲುಪಿದ ಹದಿನೈದು ದಿನಗಳಲ್ಲಿ ದೂರು ಅಧಿಕಾರಿಯ ಹೆಸರು, ಮತ್ತು ಗಂಡನ ಸಹಿ ಕೇಳುವ ನಿಯಮ ನಿಮ್ಮಲ್ಲಿ ಇದೆಯೋ ಇಲ್ಲವೋ ಎಂಬುದು ಲಿಖಿತವಾಗಿ ಬರದಿದ್ದರೆ, ಅದೇ ಕಾಯ್ದೆಯಡಿ ಇಂಥ ದೂರು ವಿಚಾರಿಸುವ ರಾಜ್ಯದ ಓಂಬುಡ್ಸ್‌ಮನ್ ಅವರಿಗೂ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಹೋಗುತ್ತದೆ. ಅಲ್ಲಿ ನಾನು ಕೌಂಟರಿನ ಮಾತುಗಳನ್ನು, ನಿಮ್ಮ ಹುಡುಗ ಆಡಿದಷ್ಟೇ ಗಟ್ಟಿಯಾಗಿ ಓದಿ ಹೇಳಲು ಸಿದ್ಧಳಿದ್ದೇನೆ. ಕಳೆದ ತಿಂಗಳ 12ರ ಬೆಳಗ್ಗೆ 10.45ರಿಂದ 11.15ರವರೆಗಿನ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾದಿಡತಕ್ಕದ್ದು.

ಇಂತಿ,
ಟೋಕನ್ ಸಂಖ್ಯೆ 47