ಹೂಮಳೆ ನೋಡಿ ಬುಕಿಂಗ್ ತಗೋ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ಮೂಡಿಗೆರೆ ತೋಟಕ್ಕೆ ಬಂದು ನೆಲೆಸುತ್ತೇನೆ, ಹಳೇ ಮನೆಯನ್ನು ಹೋಂಸ್ಟೇ ಮಾಡುತ್ತೇನೆ ಅಂತ ಬರೆದಿದ್ದೀಯ. ಮಾಡು. ಆದರೆ ಬುಕಿಂಗನ್ನು ಶನಿವಾರ-ಭಾನುವಾರ ನೋಡಿ ತಗೋಬೇಡ, ತೋಟ ನೋಡಿ ತಗೋ.

ಬರುವವರಿಗೆಲ್ಲ ಕಾಫಿ ಹೂವೇ ಬೇಕು. ಅದಕ್ಕೆ ತಾರೀಖಿಲ್ಲ ಕಣೋ. ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾ ಜಾತಿಯ ಕಾಫಿ ಅರಳಲು ಒಂದರಿಂದ ಒಂದೂವರೆ ಇಂಚು ಮಳೆ ಬೇಕು, ಅದೇ ಹೂಮಳೆ. ಬರದಿದ್ದರೆ ಸ್ಪ್ರಿಂಕ್ಲರಿನಲ್ಲಿ ಅಷ್ಟೇ ನೀರು ಕೊಡಬೇಕು. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನಕ್ಕೆ ಕಂದುತ್ತದೆ. ಅಂದರೆ ಹೂಮಳೆ ಬಿದ್ದ ರಾತ್ರಿಯೇ ಫೋನ್ ಮಾಡಿ ಕರೆಯಬೇಕು, ಅದಕ್ಕೆ ಮೊದಲು ಮಾತು ಕೊಡಬೇಡ. ಅರ್ಧ ಇಂಚಿಗೇ ಮಳೆ ನಿಂತರೆ ಕಷ್ಟ. ಮೊಗ್ಗು ಅರೆಬರೆ ಉಬ್ಬಿ, ಅರಳದೆ ಒಣಗುತ್ತದೆ. ತಡಮಾಡದೆ ಪಂಪ್ ಹಚ್ಚಿ ಬಾಕಿ ನೀರು ತುಂಬಿಸು. ಆ ತಿಂಗಳು ಡೀಸೆಲ್ ಮನೆಯಲ್ಲೇ ಇರಲಿ.

ಅರಳಿದ ದಿನ ಮಾತ್ರ ನೀರು ತಾಕಬಾರದು, ಪರಾಗ ತೊಳೆದುಹೋಗುತ್ತದೆ. ರೊಬಸ್ಟಾ ಗಿಡ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ. ಗಾಳಿ, ಜೇನು ಬೇಕೇ ಬೇಕು. ಹಾಗಾಗಿ ಆ ವಾರ ಯಾವ ಔಷಧಿಯನ್ನೂ ಹೊಡೆಸಬೇಡ. ಫೋಟೋಗೆಂದು ಗಿಡದ ರೆಕ್ಕೆ (ಕೊಂಬೆ) ಜಗ್ಗುವ ಅತಿಥಿಗಳನ್ನು ರಸ್ತೆ ಬದಿಯ ಸಾಲಿನಲ್ಲೇ ನಿಲ್ಲಿಸು. ಮತ್ತೆ ಹದಿನೈದಿಪ್ಪತ್ತು ದಿನದೊಳಗೆ ಕಾಯಿ ನಿಲ್ಲಿಸುವ ಎರಡನೇ ಮಳೆ ಬೇಕು, ಬ್ಯಾಕಿಂಗ್ ಮಳೆ ಅನ್ನುತ್ತಾರೆ, ಸುಮಾರು ಒಂದಿಂಚು. ಅದು ತಪ್ಪಿದರೆ ಕಟ್ಟಿದ ಕಾಯಿ ಪೂರ್ತಿ ನಿಲ್ಲುವುದಿಲ್ಲ.

ನವೆಂಬರಿನಿಂದ ಇನ್ನೊಂದು ಜಾತಿಯಾದ ಅರೇಬಿಕಾ ಕಾಫಿಯ ಕುಯ್ಲು, ಅದರ ಬೆನ್ನಿಗೆ ರೊಬಸ್ಟಾ. ಆಗ ಹಣ್ಣು ಒಣಗಿಸುವ ಕಣದಲ್ಲಿ ಯಾರ ಕಾರೂ ನಿಲ್ಲಬಾರದು. ಹಣ್ಣನ್ನು ಮೂರಿಂಚಿಗಿಂತ ದಪ್ಪ ಹರಡಿದರೆ ಅಡಿಯದು ಬೂಸ್ಟು ಹಿಡಿಯುತ್ತದೆ. ಗಂಟೆಗೊಮ್ಮೆ ಕೆದಕಿಸು, ಒಣಗುತ್ತ ಬಂದಮೇಲೆ ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಿಸು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಅಂದರೆ ಒಣಗಿದೆ.

ಸುತ್ತಾಡಲು ದೇವರಮನೆ ಬೆಟ್ಟ ಇದೆ, ಎತ್ತಿನಭುಜ ಬೆಟ್ಟ ಇದೆ. ಎತ್ತಿನಭುಜಕ್ಕೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಕಳಿಸು. ಯಾರೂ ಕೇಳದ, ಅಂಗಡಿ ಅನ್ನುವ ಊರನ್ನು ತಪ್ಪದೆ ತೋರಿಸು. ಹೆಸರು ಕೇಳಿ ದಿನಸಿ ಅಂಗಡಿ ಅಂದುಕೊಳ್ಳುತ್ತಾರೆ! ಹೊಯ್ಸಳರ ಮೂಲಸ್ಥಳವಾದ ಸೊಸೆಯೂರು ಅದೇ. ವಾಸಂತಿಕಾ ದೇವಿಯ ಗುಡಿ, ಹಳೆಯ ಬಸದಿಗಳು ಅಲ್ಲಿವೆ.

ಮಳೆಗಾಲದಲ್ಲಿ ಜನ ಕಡಿಮೆ ಇದ್ದಷ್ಟೂ ಒಳ್ಳೆಯದು. ಕರೆಂಟು ಹೋದರೆ ಎರಡು ದಿನವಾದರೂ ಬರದಿರಬಹುದು. ಇಂಬಳ (ಜಿಗಣೆ) ಹತ್ತಿದರೆ ಕಿತ್ತೆಸೆಯಲು ಬಿಡಬೇಡ, ಗಾಯ ಕೆರೆದು ಹುಣ್ಣಾಗುತ್ತದೆ. ಉಪ್ಪು ಮುಟ್ಟಿಸಿದರೆ ತಾನೇ ಉದುರುತ್ತದೆ. ಮನೆ ಹತ್ತಿರದ ಹಲಸನ್ನು ಹಣ್ಣಾಗುವ ಮೊದಲೇ ಇಳಿಸಿಬಿಡು, ವಾಸನೆಗೆ ಆನೆ ಅಂಗಳಕ್ಕೇ ಬರುತ್ತದೆ. ಕತ್ತಲಾದ ಮೇಲೆ ಅತಿಥಿಗಳನ್ನು ತೋಟದ ದಾರಿಯಲ್ಲಿ ನಡೆಯಲು ಬಿಡಬೇಡ.

ಬರುವಾಗ ಮಳೆ ಅಳೆಯುವ ಒಂದು ರೇನ್‌ಗೇಜ್ ತಾ. ಇಲ್ಲಿಯದರ ಗಾಜು ಒಡೆದಿದೆ.

ಇತಿ,
ನಿನ್ನ ದೊಡ್ಡಪ್ಪ